ಅಪ್‌ಗ್ರೇಡ್ ಆಯ್ತು, ಫೈಲ್ ಎಲ್ಲಿ ಹೋಯ್ತು?

ಲಿನಕ್ಸ್ ಎಂದರೆ ನಮ್ಮ ಓರಗೆಯವರಲ್ಲಿ ಎರಡು ಮಾತು ಕೇಳಿಬರುತ್ತವೆ. ಲ್ಯಾಬ್ ಪರೀಕ್ಷೆಗೆ ಹತ್ತಿಪ್ಪತ್ತು ಕಮಾಂಡ್ ಬಾಯಿಪಾಠ ಮಾಡಿದರೆ ಸಾಕು ಎನ್ನುವುದು ಒಂದು. ಅದು ಬೆಂಗಳೂರಿನ ದೊಡ್ಡ ಕಂಪನಿಗಳ ಸರ್ವರ್ ಕೋಣೆಯ ವಿಷಯ ಎನ್ನುವುದು ಇನ್ನೊಂದು. ಈಗ ಎರಡೂ ನಿಜವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹೊಸದು ಕೊಳ್ಳಲು ಆಗದವರಿಗೆ ಲಿನಕ್ಸ್ ಒಂದು ದಾರಿ. ಹಾಗಾಗಿ ತಾಲ್ಲೂಕು ಕೇಂದ್ರದ ಜೆರಾಕ್ಸ್ ಅಂಗಡಿಗೂ ಅದು ಬಂದಿದೆ. ಅದರ ಬೆನ್ನಿಗೇ ಅಪ್‌ಗ್ರೇಡ್ ಎಂಬ ತಲೆನೋವೂ ಬಂದಿದೆ.

ಸೊರಬದಲ್ಲಿ ನನ್ನ ಸೋದರಮಾವನದು ಡಿಟಿಪಿ, ಜೆರಾಕ್ಸ್ ಅಂಗಡಿ. ಮದುವೆ ಕರೆಯೋಲೆ, ಬಯೋಡೇಟಾ, ಬಗರ್‌ಹುಕುಂ ಅರ್ಜಿ, ಮೇಲ್ಮನವಿ ಹೀಗೆ ಹನ್ನೊಂದು ವರ್ಷ ಟೈಪ್ ಮಾಡಿದ್ದೆಲ್ಲ ಒಂದೇ ಕಂಪ್ಯೂಟರಿನಲ್ಲಿದೆ. ಮಾವ ಎರಡು ವರ್ಷದ ಹಿಂದೆಯೇ ಲಿನಕ್ಸ್ ಹಾಕಿಸಿಕೊಂಡಿದ್ದರು. ಸ್ಕ್ಯಾನರ್‌ಗೆ ಬೇಕಾಗುತ್ತದೆಂದು ಹಳೆಯ ವಿಂಡೋಸನ್ನೂ, ಫೈಲುಗಳಿದ್ದ ಡಿ ಡ್ರೈವನ್ನೂ ಹಾಗೇ ಉಳಿಸಿಕೊಂಡಿದ್ದರು. ಮೊನ್ನೆ ಒಂದು ಶುಕ್ರವಾರ ರಾತ್ರಿ ಹೊಸ ಆವೃತ್ತಿಗೆ ಅಪ್‌ಗ್ರೇಡ್ ಒತ್ತಿ ಮನೆಗೆ ಹೋದರು. ಶನಿವಾರ ಬೆಳಿಗ್ಗೆ ಶಿಕಾರಿಪುರಕ್ಕೆ ಫೋನ್ ಬಂತು: 'ಪುಟ್ಟಿ, ಟರ್ಮಿನಲ್ ತೆರೀತಿಲ್ಲ, ಫೈಲ್ ಸೇವ್ ಆಗ್ತಿಲ್ಲ. ಒಬ್ರಿಗೆ ಸೋಮವಾರ ಕಚೇರಿಗೆ ಮೇಲ್ಮನವಿ ಕೊಡ್ಬೇಕು, ಅದು ಇದ್ರಲ್ಲೇ ಇದೆ. ಬೇಗ ಬಾ ಮಾರಾಯ್ತಿ.'

ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಬರುತ್ತಾ ಮನಸ್ಸಿನಲ್ಲೇ ಒಂದು ಕ್ರಮ ಹಾಕಿಕೊಂಡೆ. ಮೊದಲು ಫೈಲ್ ಉಳಿಸುವುದು, ಆಮೇಲೆ ದುರಸ್ತಿ. ರಿಪೇರಿಯ ಉತ್ಸಾಹದಲ್ಲಿ ಡೇಟಾ ಕಳೆದುಕೊಂಡವರ ಕಥೆ ಹಾಸ್ಟೆಲ್‌ಗಳಲ್ಲಿ ಬೇಕಾದಷ್ಟಿವೆ.

ಅಂಗಡಿಯಲ್ಲಿ ಕಂಡ ಮೊದಲ ಸಮಸ್ಯೆ ಟರ್ಮಿನಲ್‌ನದು. ಐಕಾನ್ ಒತ್ತಿದರೆ ಬಾಣದ ಗುರುತು ಸ್ವಲ್ಪ ಹೊತ್ತು ತಿರುಗಿ ಸುಮ್ಮನಾಗುತ್ತಿತ್ತು. ಕಿಟಕಿ ತೆರೆಯುತ್ತಿರಲಿಲ್ಲ, ತಪ್ಪೇನು ಎಂದೂ ಹೇಳುತ್ತಿರಲಿಲ್ಲ. ಇಂಥ ಹೊತ್ತಿಗೆಂದೇ ಲಿನಕ್ಸ್‌ನಲ್ಲಿ ಇನ್ನೊಂದು ಬಾಗಿಲಿದೆ. ಕಂಟ್ರೋಲ್, ಆಲ್ಟ್, ಎಫ್3 ಮೂರೂ ಕೀಲಿ ಒಟ್ಟಿಗೆ ಒತ್ತಿದರೆ ಚಿತ್ರ, ಬಣ್ಣ ಯಾವುದೂ ಇಲ್ಲದ ಕಪ್ಪು ಪರದೆ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುತ್ತದೆ. ಡೆಸ್ಕ್‌ಟಾಪ್ ಕೆಟ್ಟಿದ್ದರೂ ಸಾಮಾನ್ಯವಾಗಿ ಇದು ಕೆಲಸ ಮಾಡುತ್ತದೆ.

ಅಲ್ಲಿ ಎಲ್‌ಎಸ್ ಕಮಾಂಡ್ ಕೊಟ್ಟು ಫೈಲುಗಳ ಪಟ್ಟಿ ತೆಗೆದೆ. ಕನ್ನಡ ಹೆಸರುಗಳಿದ್ದ ಜಾಗದಲ್ಲೆಲ್ಲ 340, 262, 225 ಎಂಬಂಥ ಅಂಕಿಗಳ ಸಾಲು. ಹಿಂದೆ ನಿಂತಿದ್ದ ಮಾವ 'ಹೋಯ್ತಲ್ಲೇ ಎಲ್ಲಾ' ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನನಗೆ ಮಾತ್ರ ಸಮಾಧಾನವೇ ಆಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿ ಇದೆ. ಯುಟಿಎಫ್-8 ಪದ್ಧತಿಯಲ್ಲಿ ಬರೆದಾಗ ಅದರ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಂಟರ ಲೆಕ್ಕದಲ್ಲಿ ಹೇಳುವುದಾದರೆ ಮೊದಲ ಬೈಟ್ ಯಾವಾಗಲೂ 340, ಎರಡನೆಯದು 262 ಅಥವಾ 263. 'ಕ' ಅಕ್ಷರವೇ 340, 262, 225. ಅಂದರೆ ಹೆಸರುಗಳು ಡಿಸ್ಕಿನಲ್ಲಿ ಸರಿಯಾಗಿಯೇ ಇದ್ದವು. ಅವನ್ನು ಕನ್ನಡವೆಂದು ಓದಬೇಕು ಎನ್ನುವುದು ಮಾತ್ರ ಕಂಪ್ಯೂಟರಿಗೆ ಮರೆತುಹೋಗಿತ್ತು.

ಆ ಮರೆವಿನ ಹೆಸರು ಲೊಕೇಲ್. ಯಾವ ಭಾಷೆ, ಯಾವ ಅಕ್ಷರ ಪದ್ಧತಿ ಬಳಸಬೇಕು ಎಂದು ವ್ಯವಸ್ಥೆಗೆ ಹೇಳುವ ಸೆಟ್ಟಿಂಗ್ ಅದು. ಲೊಕೇಲ್ ಎಂದು ಟೈಪ್ ಮಾಡಿದರೆ ಸೆಟ್ಟಿಂಗ್‌ನಲ್ಲಿ ಕನ್ನಡ ಎಂದೇ ಇತ್ತು. ಆದರೆ ವ್ಯವಸ್ಥೆಯಲ್ಲಿ ಸಿದ್ಧವಿರುವ ಲೊಕೇಲ್‌ಗಳ ಪಟ್ಟಿ ತೆಗೆದರೆ ಅದರಲ್ಲಿ ಕನ್ನಡ ಇರಲಿಲ್ಲ. ಹೀಗಾದಾಗ ಲಿನಕ್ಸ್ ಹಳೆಯ ಇಂಗ್ಲಿಷ್-ಮಾತ್ರ ಪದ್ಧತಿಗೆ ಜಾರುತ್ತದೆ. ಗ್ನೋಮ್ ಟರ್ಮಿನಲ್ ಯುಟಿಎಫ್-8 ಇಲ್ಲದ ಲೊಕೇಲ್‌ನಲ್ಲಿ ತೆರೆಯುವುದೇ ಇಲ್ಲ. ಟರ್ಮಿನಲ್ ತೆರೆಯದಿದ್ದದ್ದು, ಹೆಸರುಗಳು ಅಂಕಿಯಾದದ್ದು ಎರಡಕ್ಕೂ ಬೇರು ಒಂದೇ. ಲೊಕೇಲ್-ಜೆನ್ ಕಮಾಂಡಿನಿಂದ ಕನ್ನಡ ಲೊಕೇಲ್ ಮತ್ತೆ ತಯಾರಿಸಿ, ಅಪ್‌ಡೇಟ್-ಲೊಕೇಲ್‌ನಿಂದ ಅದನ್ನು ನೆಲೆಗೊಳಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದಾಗ ಟರ್ಮಿನಲ್ ತೆರೆಯಿತು. ಒಂದು ಮಾತು ನೆನಪಿರಲಿ: ಲೊಕೇಲ್ ಸರಿಯಿದ್ದರೂ ಆ ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಕಾಣದು. ಅದರ ಅಕ್ಷರ ಕೋಷ್ಟಕದಲ್ಲಿ ಗರಿಷ್ಠ 512 ಆಕಾರಗಳಿಗಷ್ಟೇ ಜಾಗ. ಒತ್ತಕ್ಷರ, ಗುಣಿತ ಜೋಡಿಸುವ ಕೆಲಸ ಅದಕ್ಕೆ ಗೊತ್ತಿಲ್ಲ. ಅಲ್ಲಿ ಚೌಕ ಡಬ್ಬಿ ಕಂಡರೆ ಗಾಬರಿಯಾಗಬೇಡಿ.

ಎರಡನೆಯದು ಸೇವ್ ಆಗದ ಸಮಸ್ಯೆ. ಡಿ ಡ್ರೈವ್ 'ಓದಲು ಮಾತ್ರ' ಎಂಬ ಸ್ಥಿತಿಯಲ್ಲಿತ್ತು. ಎಲ್ಲರೂ ಅಪ್‌ಗ್ರೇಡನ್ನೇ ಬೈಯುತ್ತಿದ್ದರು. ಕರ್ನಲ್ ಬರೆದಿಡುವ ದಿನಚರಿಯನ್ನು ಡಿಮೆಸೇಜ್ ಕಮಾಂಡಿನಿಂದ ತೆಗೆದು ಓದಿದಾಗ ಕಾರಣ ಬೇರೆಯೇ ಇತ್ತು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ಅಂಥ ಡ್ರೈವಿಗೆ ಹೊರಗಿನವರು ಬರೆದರೆ ಫೈಲ್ ಹಾಳಾಗಬಹುದೆಂದು ಲಿನಕ್ಸ್ ಕೈ ಕಟ್ಟಿಕೊಳ್ಳುತ್ತದೆ. ಶುಕ್ರವಾರ ಸಂಜೆ ಸ್ಕ್ಯಾನ್ ಮಾಡಲು ಅಂಗಡಿಯಲ್ಲಿ ವಿಂಡೋಸ್ ಹಾಕಿದ್ದರಂತೆ. ಅಪ್‌ಗ್ರೇಡ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಒಂದೇ ಬೆಳಿಗ್ಗೆ ಎರಡೂ ಕಣ್ಣಿಗೆ ಬಿದ್ದವು, ಅಷ್ಟೆ.

'ಓದಲು ಮಾತ್ರ' ಎನ್ನುವುದು ನಮಗೆ ಒಳ್ಳೆಯದೇ ಆಯಿತು. ನಕಲು ತೆಗೆಯಲು ಓದಿದರೆ ಸಾಕಲ್ಲ! ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆಮೇಲೆಯೇ ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದು, ಪೂರ್ತಿ ಶಟ್‌ಡೌನ್ ಮಾಡಿದೆ. ಮತ್ತೆ ಲಿನಕ್ಸ್‌ಗೆ ಬಂದಾಗ ಡಿ ಡ್ರೈವ್ ಬರೆಯಲು ಒಪ್ಪಿತು.

ನಕಲು ಮಾಡುವಾಗ ಆರು ಫೈಲುಗಳು 'ಹೆಸರು ತುಂಬಾ ಉದ್ದ' ಎಂದು ಹಟ ಹಿಡಿದವು. ಇದು ಕನ್ನಡದವರು ತಿಳಿದಿರಬೇಕಾದ ಲೆಕ್ಕ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್‌ನಲ್ಲಾದರೆ 255 ಅಕ್ಷರ. ಕನ್ನಡದಲ್ಲಿ ಮೂರರಿಂದ ಭಾಗಿಸಿ, 85 ಸಂಕೇತ ಮಾತ್ರ. ಅದರಲ್ಲೂ 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಸಂಕೇತ ತಿನ್ನುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಲೆಕ್ಕ ಬೇರೆ, ಅಲ್ಲಿ 255 ಕನ್ನಡ ಸಂಕೇತಗಳೇ ಹಿಡಿಯುತ್ತವೆ. ಊರು, ಹೋಬಳಿ, ಸರ್ವೆ ನಂಬರ್, ಅರ್ಜಿದಾರರ ಹೆಸರು ಎಲ್ಲ ಸೇರಿಸಿ ಮಾವ ಇಟ್ಟಿದ್ದ ಹೆಸರುಗಳು ಈ ಕಾರಣಕ್ಕೆ ಸಿಕ್ಕಿಬಿದ್ದವು. ಸೋಮವಾರದ ಮೇಲ್ಮನವಿಯೂ ಆ ಆರರಲ್ಲಿ ಒಂದು! ಅವುಗಳಿಗೆ ಚಿಕ್ಕ ಹೆಸರು ಕೊಟ್ಟು ನಕಲು ಮಾಡಿದೆ.

ಕೊನೆಗೆ ಸಿಕ್ಕಿದ್ದು ಹಳೆಯ ಗಂಟು. ಆ ಮೇಲ್ಮನವಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಪದ್ಧತಿಯಲ್ಲಿ ಫೈಲಿನೊಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಫಾಂಟ್ ಇಲ್ಲದಿದ್ದರೆ ವೇಷ ಕಳಚುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ನಮ್ಮ ಊರುಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟವು, ಅದನ್ನು ಮರೆಯಬಾರದು. ಆದರೆ ಆ ಕಾಲದ ಫೈಲುಗಳನ್ನು ಈಗ ಯೂನಿಕೋಡ್‌ಗೆ ಬದಲಿಸಿಡದಿದ್ದರೆ ಮುಂದೆ ಓದುವುದು ಕಷ್ಟ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಫಾಂಟನ್ನು ನನ್ನದಕ್ಕೂ ಹಾಕಿ, ಮೇಲ್ಮನವಿಯನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ ಪ್ರಿಂಟ್ ತೆಗೆದಾಗ ಸಂಜೆ ಐದು. ಕಾಯುತ್ತಿದ್ದ ಹಿರಿಯರು ಎರಡು ಪ್ರತಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಹಿಡಿದರು.

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಸ್ತಂಭ ಶಾಸನವಿದೆ. ಐದನೆಯ ಶತಮಾನದ್ದು. ಕಲ್ಲು ಗಟ್ಟಿಯಾಗಿದೆ, ಅಕ್ಷರವೂ ಇದೆ. ಆದರೆ ಮುಂದೆ ಹೋಗಿ ನಿಂತರೆ ನಮ್ಮಂಥವರಿಗೆ ಒಂದು ಸಾಲೂ ಓದಲು ಬರುವುದಿಲ್ಲ. ಲಿಪಿ ಬಲ್ಲವರು ಓದಿ ಅಚ್ಚು ಹಾಕಿಸಿದ್ದರಿಂದ ಅದು ನಮಗೆ ಸಿಕ್ಕಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳೂ, 8ನೇ ಸಂಪುಟದಲ್ಲಿ ಸೊರಬದ ಶಾಸನಗಳೂ ಇವೆ. ಅವು ಬಂದದ್ದು 1902 ಮತ್ತು 1904ರಲ್ಲಿ. ಬರೆದದ್ದು ಉಳಿದರೆ ಸಾಲದು, ಓದುವ ದಾರಿಯೂ ಉಳಿಯಬೇಕು. ಡಿ ಡ್ರೈವಿನಲ್ಲಿರುವ ಅರ್ಜಿಗೂ ಅದೇ ಮಾತು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ವಿಷಯ. ಸಿಸ್ಟಂ ಅಡ್ಮಿನ್, ಟೆಕ್ನಿಕಲ್ ಸಪೋರ್ಟ್ ಹುದ್ದೆಗಳಿಗೆ ಬೇಕಾದ್ದು ಇದೇ ಅಭ್ಯಾಸ: ಲಕ್ಷಣ ಬರೆದುಕೊಳ್ಳುವುದು, ದಿನಚರಿ ಓದುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು. ಇದನ್ನು ಕಲಿಯಲು ಕೋರ್ಸ್ ಶುಲ್ಕ ಬೇಕಿಲ್ಲ. ಹಳೆಯ ಕಂಪ್ಯೂಟರ್, ತಾಳ್ಮೆ ಇದ್ದರೆ ಆಯಿತು. ನಿಮ್ಮೂರಿನ ಡಿಟಿಪಿ ಅಂಗಡಿಯಲ್ಲಿ ಒಂದು ವಾರ ಕುಳಿತರೆ ಪಠ್ಯದಲ್ಲಿಲ್ಲದ ಹತ್ತು ಸಮಸ್ಯೆ ಸಿಗುತ್ತವೆ.

ಅಪ್‌ಗ್ರೇಡ್ ಒತ್ತುವ ಮೊದಲು ಇಷ್ಟು ಮಾಡಿ. ಡಿಎಫ್ ಕಮಾಂಡಿನಿಂದ ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ. ವಿಂಡೋಸ್ ಇದ್ದರೆ ಪೂರ್ತಿ ಮುಚ್ಚಿ. ಹಾಕಿರುವ ಫಾಂಟುಗಳನ್ನು ಒಂದು ಫೋಲ್ಡರಿಗೆ ನಕಲು ಮಾಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಫೈಲುಗಳನ್ನು ಬೇರೆ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಎರಡು ಮೂರು ಫೈಲ್ ತೆರೆದು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡ ಮೇಲಷ್ಟೇ ಅಪ್‌ಗ್ರೇಡ್ ಒತ್ತಿ.