ಗೋಲಿಗೆ ಯಾರನ್ನು ನಿಲ್ಲಿಸುತ್ತೀರಿ?

ಹರಪನಹಳ್ಳಿಯಲ್ಲಿರಲಿ, ಕೊಟ್ಟೂರಿನಲ್ಲಿರಲಿ, ಸಂಜೆ ಶಾಲೆಯ ಬಯಲಿನಲ್ಲಿ ಮಕ್ಕಳು ಎರಡು ಗುಂಪಾದರೆ ಗೋಲಿಗೆ ಯಾರು ನಿಲ್ಲಬೇಕೆಂಬುದು ಕ್ಷಣದಲ್ಲಿ ತೀರ್ಮಾನವಾಗುತ್ತದೆ: ಓಡಲಾರದವನು, ಇಲ್ಲವೇ ಎಲ್ಲರಿಗಿಂತ ಚಿಕ್ಕವನು. ತಂಡ ತಾಲ್ಲೂಕು ಮಟ್ಟಕ್ಕೆ ಹೊರಟಾಗಲೂ ಕಥೆ ಹೆಚ್ಚು ಬದಲಾಗುವುದಿಲ್ಲ. ಉಳಿದವರು ಪಾಸು, ಡ್ರಿಬಲ್ ಕಲಿಯುತ್ತಿದ್ದರೆ ಗೋಲ್‌ಕೀಪರ್ ಅವರ ಹೊಡೆತಕ್ಕೆ ಗುರಿಯಾಗಿ ನಿಂತಿರುತ್ತಾನೆ. ಅದನ್ನೇ ಅವನ ಅಭ್ಯಾಸ ಎನ್ನುತ್ತೇವೆ. ಮೈದಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸಬೇಕಾದ ಜಾಗಕ್ಕೆ ನಾವು ಏನನ್ನೂ ಕಲಿಸುತ್ತಿಲ್ಲ. ಕರ್ನಾಟಕಕ್ಕಂತೂ ಈ ಜಾಗದ ಬೆಲೆ ಗೊತ್ತಿರಬೇಕಿತ್ತು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಎದುರು ಟೈಬ್ರೇಕರ್ ಬಂದಾಗ ಗೋಲಿನಲ್ಲಿದ್ದವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಅವರು ತಡೆದ ಹೊಡೆತಗಳಿಂದಲೇ 32 ವರ್ಷಗಳ ನಂತರ ಭಾರತಕ್ಕೆ ಏಷ್ಯನ್ ಚಿನ್ನ ಮರಳಿತು.

ಗೋಲ್‌ಕೀಪಿಂಗ್ ಎಂದರೆ ಚುರುಕು, ಚುರುಕು ಹುಟ್ಟಿನಿಂದ ಬರಬೇಕು ಎನ್ನುವವರು ಬಹಳ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಹಾಕಿಯ ಡಿ ವೃತ್ತದ ಅಂಚು ಗೋಲಿನಿಂದ 14.63 ಮೀಟರ್ ದೂರ. ಗಂಟೆಗೆ 100 ಕಿಲೋಮೀಟರ್ ವೇಗದ ಚೆಂಡು ಅಷ್ಟು ದೂರವನ್ನು ಅರ್ಧ ಸೆಕೆಂಡಿನಲ್ಲಿ ದಾಟುತ್ತದೆ. ಕಣ್ಣು ಕಂಡದ್ದಕ್ಕೆ ಮೈ ಅಲುಗಲು ತೊಡಗುವ ಹೊತ್ತಿಗೇ ಅದರಲ್ಲಿ ಅರ್ಧದಷ್ಟು ಕಳೆದಿರುತ್ತದೆ. ಮಿಕ್ಕ ಕಾಲು ಸೆಕೆಂಡಿನಲ್ಲಿ 3.66 ಮೀಟರ್ ಅಗಲದ ಗೋಲನ್ನು ಯಾವ ಚುರುಕೂ ಕಾಯಲಾರದು. ಕಾಯುವುದು ನಿಂತ ಜಾಗ. ಇದನ್ನು ಮಕ್ಕಳಿಗೆ ತೋರಿಸಲು ಎರಡು ಹಗ್ಗ ಸಾಕು. ಎರಡೂ ಕಂಬಕ್ಕೆ ಒಂದೊಂದು ಹಗ್ಗ ಕಟ್ಟಿ, ಎದುರಿಗೆ 10 ಮೀಟರ್ ದೂರದಲ್ಲಿ ಚೆಂಡಿಟ್ಟು, ತುದಿಗಳೆರಡನ್ನೂ ಅಲ್ಲಿಗೆ ಎಳೆದು ಹಿಡಿಯಬೇಕು. ಗೋಲ್‌ಕೀಪರ್ ಗೆರೆಯ ಮೇಲೆ ನಿಂತರೆ ಕಾಯಬೇಕಾದದ್ದು ಪೂರ್ತಿ ಅಗಲ. ಮೂರು ಮೀಟರ್ ಮುಂದೆ ಬಂದರೆ ಹಗ್ಗಗಳ ನಡುವೆ ಉಳಿಯುವುದು ಎರಡೂವರೆ ಮೀಟರ್ ಮಾತ್ರ. ಚೆಂಡನ್ನು ಪಕ್ಕಕ್ಕೆ ಸರಿಸಿದರೆ ಹಗ್ಗಗಳೂ ಸರಿಯುತ್ತವೆ, ಅವುಗಳ ಜೊತೆ ಮಗುವಿನ ಪಾದವೂ ಸರಿಯಬೇಕು. ತೀರಾ ಮುಂದೆ ಬಂದರೆ ಎದುರಾಳಿ ಪಕ್ಕದವನಿಗೆ ಪಾಸು ಕೊಟ್ಟು ಗೋಲು ಹೊಡೆಯುತ್ತಾನೆ ಎಂಬುದನ್ನೂ ಅದೇ ಹಗ್ಗ ಕಲಿಸುತ್ತದೆ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲಿ ಗೋಲು ಇನ್ನೂ ಕಿರಿದು, 1.83 ಮೀಟರ್ ಅಗಲ. ಅಲ್ಲಿಯೂ ಮಕ್ಕಳಿಗೆ ಮೊದಲು ಕಲಿಸುವುದು ಪಾದ ಸರಿಸುವುದನ್ನು, ಕೋನ ಮುಚ್ಚುವುದನ್ನು. ಬೀಳುವುದು, ಹಾರುವುದು ಆಮೇಲೆ.

ಹಾಗಾದರೆ ಚಿಕ್ಕಂದಿನಲ್ಲೇ ಒಬ್ಬನನ್ನು ಆರಿಸಿ ಗೋಲಿಗೇ ಕಟ್ಟಿಹಾಕಬೇಕೇ? ಬೇಡ, ಅದು ಇನ್ನೊಂದು ತಪ್ಪು. ಅಮೆರಿಕದ ಐಸ್ ಹಾಕಿ ಸಂಸ್ಥೆಯೇ 8 ವರ್ಷದೊಳಗಿನ ಮಕ್ಕಳಲ್ಲಿ ಕಾಯಂ ಗೋಲ್‌ಕೀಪರ್ ಬೇಡ, ಎಲ್ಲರೂ ಸರದಿಯಲ್ಲಿ ನಿಲ್ಲಲಿ ಎನ್ನುತ್ತದೆ. ನಮ್ಮ ಹಾಕಿ ಚರಿತ್ರೆಯೂ ಅದನ್ನೇ ಹೇಳುತ್ತದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದ ಗೋಲ್‌ಕೀಪರ್, ಕಣ್ಣೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಮ್ಯಾನುಯೆಲ್ ಫ್ರೆಡರಿಕ್ ಮೊದಲು ಆಡಿದ್ದು ಫುಟ್‌ಬಾಲ್. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಕಂಚು ತಂದ ಗೋಲ್‌ಕೀಪರ್ ಶ್ರೀಜೇಶ್ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆಗೆ ಬಂದದ್ದು ಅಥ್ಲೀಟ್ ಆಗಿ. ಬೇರೆ ಆಟ ಆಡಿದ ಕಾಲುಗಳು ಗೋಲಿನಲ್ಲಿ ವ್ಯರ್ಥವಾಗಲಿಲ್ಲ. ಸರದಿಯಿಂದ ಇನ್ನೂ ಒಂದು ಲಾಭವಿದೆ: ಒಮ್ಮೆ ಅಲ್ಲಿ ನಿಂತು ಗೋಲು ತಿಂದ ಮಗು ಮುಂದೆ ಗೋಲ್‌ಕೀಪರನ್ನು ಬೈಯುವ ಮೊದಲು ಒಂದು ಕ್ಷಣ ತಡೆಯುತ್ತದೆ.

ಇಡೀ ಶಾಲೆಗೆ ಒಬ್ಬರೇ ಪಿ.ಟಿ. ಮೇಷ್ಟ್ರು, ಗೋಲ್‌ಕೀಪರ್‌ಗೆ ಬೇರೆ ಕೋಚ್ ಎಲ್ಲಿಂದ ತರುವುದು ಎಂಬ ಆಕ್ಷೇಪ ನಿಜವಾದದ್ದು, ತಳ್ಳಿಹಾಕುವಂಥದ್ದಲ್ಲ. ಆದರೆ ಹಗ್ಗ ಹಿಡಿಯಲು, ಟೆನಿಸ್ ಚೆಂಡು ಎಸೆಯಲು ಇನ್ನಿಬ್ಬರು ಮಕ್ಕಳೇ ಸಾಕು. ಮೇಷ್ಟ್ರು ಕೊಡಬೇಕಾದದ್ದು ದಿನಕ್ಕೆ ಹತ್ತು ನಿಮಿಷ. ಸಲಕರಣೆಯ ಮಾತು ಬಂದರೆ ಮಾತ್ರ ರಾಜಿ ಕೂಡದು. 1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಪಕ್ ಎಂಬ ಗಟ್ಟಿ ಬಿಲ್ಲೆ ಬಡಿದು ಮುಖ ಸೀಳಿ ಹೊಲಿಗೆ ಹಾಕಿಸಿಕೊಂಡ ಮೇಲೆಯೇ ಕೆನಡಾದ ಐಸ್ ಹಾಕಿ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖವಾಡ ತೊಟ್ಟು ಆಟಕ್ಕೆ ಮರಳಿದರು. ಅಲ್ಲಿಯವರೆಗೆ ಪಂದ್ಯದಲ್ಲಿ ಅದನ್ನು ತೊಡಲು ಅವರ ಕೋಚೇ ಒಪ್ಪಿರಲಿಲ್ಲ. ಪ್ಯಾಡು, ಹೆಲ್ಮೆಟ್ಟು ಇಲ್ಲದ ಶಾಲೆಯಲ್ಲಿ ಗಟ್ಟಿ ಹಾಕಿ ಚೆಂಡಿನೆದುರು ಮಗುವನ್ನು ನಿಲ್ಲಿಸಲೇಬಾರದು. ಮೆತ್ತನೆಯ ಚೆಂಡಿನಲ್ಲೇ ಜಾಗ, ಪಾದ, ನೋಟ ಮೂರನ್ನೂ ಕಲಿಸಬಹುದು.

ಇನ್ನು ಉಳಿಯುವುದು ಗೋಲಾದ ಮೇಲಿನ ಗಳಿಗೆ. ಎಲ್ಲರ ಕಣ್ಣೂ ಆ ಮಗುವಿನ ಮೇಲೆ. ಆಗ ಮೇಷ್ಟ್ರು "ಯಾಕೆ ಬಿಟ್ಟೆ?" ಎಂದರೆ ಅದಕ್ಕೆ ಉತ್ತರವಿಲ್ಲ, ಬರೀ ತಲೆ ತಗ್ಗುತ್ತದೆ. "ಅವನು ಹೊಡೆಯೋ ಮುಂಚೆ ಎಲ್ಲಿ ನಿಂತಿದ್ದೆ?" ಎಂದರೆ ಉತ್ತರವಿದೆ. ಕೂಡ್ಲಿಗಿಯ ಕೆಂಪು ಮಣ್ಣಿನ ಬಯಲಿನಲ್ಲಿ ಆ ಹೆಜ್ಜೆಯ ಗುರುತು ಇನ್ನೂ ಮೂಡಿಯೇ ಇರುತ್ತದೆ. ಇಬ್ಬರೂ ಅಲ್ಲಿಗೆ ಹೋಗಿ ಹಗ್ಗ ಎಳೆದು ನೋಡಿದರೆ, ಎಡಗಡೆ ಎಷ್ಟು ಜಾಗ ತೆರೆದಿತ್ತು ಎಂಬುದು ಮಗುವಿಗೇ ಕಾಣುತ್ತದೆ.