ನೆಲ ಒರೆಸುವವನೇ ಹೀರೊ!

ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಬೇಗ ಮಲಗುವವರು ಯಾರಿದ್ದಾರೆ ಹೇಳಿ? ನಮ್ಮ ರೂಮಿನ ನಾಲ್ಕೂ ಜನ ಒಂದೇ ಲ್ಯಾಪ್‌ಟಾಪ್ ಮುಂದೆ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದೆವು. ಒಬ್ಬಳ ಅಣ್ಣನ ನೆಟ್‌ಫ್ಲಿಕ್ಸ್ ಪಾಸ್‌ವರ್ಡ್, ಇನ್ನೊಬ್ಬಳ ಊರಿಂದ ಬಂದ ಚಕ್ಕುಲಿ ಡಬ್ಬ. ‘ಲುಪಿನ್’ ಅಂತ ಫ್ರೆಂಚ್ ಸರಣಿ, ಯಾರೋ ಮಹಾ ಚಾಲಾಕಿ ಕಳ್ಳನ ಕಥೆಯಂತೆ ಎನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಮುಸುಕು, ಬಂದೂಕು, ಬೈಕ್ ಚೇಸಿಂಗ್ ಇರುತ್ತೆ ಅಂದುಕೊಂಡಿದ್ದೆ. ಆದರೆ ಪರದೆಯ ಮೇಲೆ ಬಂದವನು ಆರಡಿ ಮೀರಿದ, ಕಪ್ಪು ಮೈಬಣ್ಣದ, ಶಾಂತ ಮುಖದ ಮನುಷ್ಯ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಬಂದವನೇ ಯೂನಿಫಾರ್ಮ್ ತೊಟ್ಟು ಸ್ವಚ್ಛತಾ ಸಿಬ್ಬಂದಿಯ ಜೊತೆ ಕೆಲಸಕ್ಕೆ ನಿಂತ.

‘ಇವ್ನೇನೇ ಹೀರೊ? ನೆಲ ಒರೆಸೋನು!’ ಎಂದು ಒಬ್ಬಳು ನಕ್ಕಳು. ಉಳಿದಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನಮ್ಮ ಬೆಂಗಳೂರಿನ ಮಾಲ್ ಒಂದರಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. ನೀಲಿ ಬಣ್ಣದ ಯೂನಿಫಾರ್ಮ್, ಕೈಯಲ್ಲಿ ಮಾಪ್, ಬೆಳಿಗ್ಗೆ ಏಳರ ಪಾಳಿ. ಇದನ್ನು ರೂಮಿನಲ್ಲಿ ಯಾರಿಗೂ ನಾನು ಹೇಳಿರಲಿಲ್ಲ. ಕಾಲೇಜಿನ ಅಡ್ಮಿಷನ್ ಫಾರ್ಮಿನಲ್ಲಿ ‘ತಾಯಿಯ ಉದ್ಯೋಗ’ ಎಂಬ ಜಾಗದಲ್ಲಿ ‘ಗೃಹಿಣಿ’ ಎಂದು ಬರೆದಿದ್ದೆ.

ಕಥೆ ಮುಂದಕ್ಕೆ ಹೋಯಿತು. ಅದೇ ಮನುಷ್ಯ ಅದೇ ಮ್ಯೂಸಿಯಂಗೆ ಸೂಟು ಬೂಟು ಹಾಕಿಕೊಂಡು ಕೋಟ್ಯಧೀಶನಂತೆ ಹರಾಜಿಗೆ ಬರುತ್ತಾನೆ. ನಿನ್ನೆ ನೆಲ ಒರೆಸುತ್ತಿದ್ದವನೇ ಇವನು ಎಂದು ಒಬ್ಬರಿಗೂ ಹೊಳೆಯುವುದಿಲ್ಲ. ಏಕೆಂದರೆ ನಿನ್ನೆ ಅವನ ಮುಖವನ್ನು ಯಾರೂ ನೋಡಿಯೇ ಇರಲಿಲ್ಲ! ನಾಯಕ ಅಸಾನ್ ಜೋಪ್‌ನ ಅಸಲಿ ಬಂಡವಾಳ ಇದೇ. ಕಸ ಗುಡಿಸುವವನನ್ನು, ಡೆಲಿವರಿ ಕೊಡುವವನನ್ನು ದೊಡ್ಡವರು ಕಣ್ಣೆತ್ತಿ ನೋಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಇದು ಚಿತ್ರಕಥೆ ಬರೆದವರ ಜಾಣತನ ಮಾತ್ರವಲ್ಲ ಅನಿಸಿತು. ಆ ನಟನ ಮುಖದಲ್ಲಿ ಏನೋ ಇತ್ತು. ಎಲ್ಲರೂ ಮಲಗಿದ ಮೇಲೆ ಮೊಬೈಲ್ ಹಿಡಿದು ಅವನ ಬಗ್ಗೆ ಹುಡುಕಲು ಕೂತೆ.

ಹೆಸರು ಒಮರ್ ಸೀ. ಹುಟ್ಟಿದ್ದು 1978ರ ಜನವರಿ 20ರಂದು, ಪ್ಯಾರಿಸ್ ಹೊರವಲಯದ ತ್ರಾಪ್ ಎಂಬ ಊರಿನಲ್ಲಿ. ನಾವು ಹೈಸ್ಕೂಲಿನಲ್ಲಿ ಉರು ಹೊಡೆದ ವರ್ಸೇಲ್ಸ್ ಒಪ್ಪಂದ ನೆನಪಿದೆಯಾ? ಆ ವರ್ಸೇಲ್ಸ್ ಅರಮನೆ ಅಲ್ಲಿಗೆ ಹತ್ತಿರವೇ. ಆದರೆ ತ್ರಾಪ್‌ನಲ್ಲಿ ಇರುವುದು ಅರಮನೆಗಳಲ್ಲ, ಸಾಲು ಸಾಲು ಫ್ಲ್ಯಾಟುಗಳು. ಆಫ್ರಿಕಾದಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ನೆಲೆಸಿದ್ದು ಅಲ್ಲೇ. ಒಮರ್ ತಂದೆ ಸೆನೆಗಲ್ ದೇಶದವರು, ಕಾರ್ಖಾನೆ ಕಾರ್ಮಿಕ. ತಾಯಿ ಮಾರಿಟೇನಿಯಾದವರು. ಎಂಟು ಮಕ್ಕಳಲ್ಲಿ ಒಮರ್ ನಾಲ್ಕನೆಯವನು.

ತಾಯಿ ಏನು ಕೆಲಸ ಮಾಡುತ್ತಿದ್ದರು ಗೊತ್ತಾ? ಕ್ಲೀನಿಂಗ್. ಆ ಸಾಲು ಓದಿ ಹಾಸಿಗೆಯಲ್ಲಿ ಎದ್ದು ಕೂತೆ.

ಅವನು ನಟನಾ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ತ್ರಾಪ್‌ನಲ್ಲೇ ಬೆಳೆದ ಹಾಸ್ಯನಟ ಜಮೆಲ್ ದೆಬ್ಬೂಜ್ ‘ರೇಡಿಯೊ ನೋವಾ’ದಲ್ಲಿ ಮಿಂಚುತ್ತಿದ್ದ ಕಾಲ. ಅದೇ ಜಾಡಿನಲ್ಲಿ ಒಮರ್ ಕೂಡ 1990ರ ದಶಕದ ಕೊನೆಯಲ್ಲಿ ಆ ರೇಡಿಯೊಗೆ ಕಾಲಿಟ್ಟ. ಅಲ್ಲಿ ಫ್ರೆಡ್ ತೆಸ್ತೊ ಎಂಬ ಗೆಳೆಯ ಸಿಕ್ಕ. ಇಬ್ಬರೂ ಸೇರಿ ‘ಒಮರ್ ಮತ್ತು ಫ್ರೆಡ್’ ಎಂಬ ಜೋಡಿಯಾದರು. 2005ರಿಂದ 2012ರವರೆಗೆ ‘ಕೆನಾಲ್ ಪ್ಲಸ್’ ಟಿ.ವಿ.ಯಲ್ಲಿ ಇವರದ್ದೊಂದು ಪುಟ್ಟ ಕಾರ್ಯಕ್ರಮ. ಕೆಲವೇ ನಿಮಿಷದ್ದು. ಟಿ.ವಿ. ಕಾರ್ಯಕ್ರಮಗಳಿಗೊಂದು ಕಸ್ಟಮರ್ ಕೇರ್ ಇದ್ದರೆ ಹೇಗಿರುತ್ತೆ ಎಂಬುದೇ ಅದರ ತಮಾಷೆ. ಫೋನ್ ಎತ್ತುವವರೂ ಇವರೇ, ಫೋನ್ ಮಾಡಿ ತಲೆ ತಿನ್ನುವ ವಿಚಿತ್ರ ಗಿರಾಕಿಗಳೂ ಇವರೇ! ಸಂಜೆ ಟಿ.ವಿ. ಮುಂದೆ ಕೂರುವ ಫ್ರೆಂಚರಿಗೆಲ್ಲ ಅವನ ದೊಡ್ಡ ನಗು ಪರಿಚಿತವಾಯಿತು.

ಆದರೂ ಅವನು ‘ಟಿ.ವಿ. ಕಾಮಿಡಿಯವನು’ ಅಷ್ಟೇ. ಅವನಲ್ಲೊಬ್ಬ ನಟನಿದ್ದಾನೆ ಎಂದು ನಂಬಿದವರು ಎರಿಕ್ ತೊಲೆದಾನೊ ಮತ್ತು ಒಲಿವಿಯೆ ನಕಾಶ್ ಎಂಬ ಇಬ್ಬರು ನಿರ್ದೇಶಕರು. ತಮ್ಮ ಚಿತ್ರಗಳಲ್ಲಿ ಅವನಿಗೆ ಪಾತ್ರಗಳನ್ನು ಕೊಡುತ್ತಾ ಬಂದರು. 2011ರಲ್ಲಿ ಬಂತು ‘ಇನ್‌ಟಚಬಲ್ಸ್’. ಹೆಸರಿನ ಅರ್ಥ, ಮುಟ್ಟಲಾಗದವರು. ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಶ್ರೀಮಂತ, ಅವನನ್ನು ನೋಡಿಕೊಳ್ಳಲು ಬರುವ ಬಡಾವಣೆಯ ಪೋಲಿ ಹುಡುಗ ಡ್ರಿಸ್. ಕಥೆ ಎಲ್ಲೋ ಕೇಳಿದಂತಿದೆ ಅಂತೀರಾ? ನಾಗಾರ್ಜುನ ಮತ್ತು ಕಾರ್ತಿ ನಟಿಸಿದ 2016ರ ತೆಲುಗಿನ ‘ಊಪಿರಿ’, ತಮಿಳಿನ ‘ತೋಳಾ’ ಇದರದೇ ರಿಮೇಕ್. ಕಾರ್ತಿ ಮಾಡಿದ್ದು ಒಮರ್ ಪಾತ್ರ. ಗಾಲಿಕುರ್ಚಿ ತಳ್ಳುತ್ತಾ ಆ ಹುಡುಗ ಮಾಡುವ ತರಲೆಗಳನ್ನು ನೋಡಿ ನಕ್ಕಿದ್ದ ನನಗೆ ಮೂಲ ನಟ ಯಾರೆಂಬುದು ತಿಳಿದದ್ದು ಆ ರಾತ್ರಿಯೇ.

ಫ್ರಾನ್ಸ್ ಒಂದರಲ್ಲೇ ಆ ಚಿತ್ರದ 1.9 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಆ ದೇಶದ ಜನಸಂಖ್ಯೆಯೇ ಆರೂವರೆ ಕೋಟಿಯ ಆಸುಪಾಸು ಎಂದರೆ ಲೆಕ್ಕ ಹಾಕಿ. 2012ರ ಫೆಬ್ರುವರಿ 24ರಂದು ಫ್ರಾನ್ಸ್‌ನ ಅತ್ಯುನ್ನತ ‘ಸೆಸಾರ್’ ಪ್ರಶಸ್ತಿ ಸಮಾರಂಭ. ‘ದಿ ಆರ್ಟಿಸ್ಟ್’ ಚಿತ್ರದ ಜಾನ್ ದುಜಾರ್ದಾನ್ ಗೆಲ್ಲುತ್ತಾರೆ ಎನ್ನುವುದು ಹಲವರ ಲೆಕ್ಕಾಚಾರ. ಗೆದ್ದದ್ದು ಒಮರ್ ಸೀ! ಎರಡೇ ದಿನಕ್ಕೆ ದುಜಾರ್ದಾನ್ ಅದೇ ಪಾತ್ರಕ್ಕೆ ಆಸ್ಕರ್ ಎತ್ತಿಕೊಂಡರು. ಅಂಥವರನ್ನು ಹಿಂದಿಕ್ಕಿದ ಈತ, ಅತ್ಯುತ್ತಮ ನಟ ಸೆಸಾರ್ ಪಡೆದ ಮೊದಲ ಕಪ್ಪುವರ್ಣೀಯ.

ಎಲ್ಲರೂ ಚಪ್ಪಾಳೆ ಹೊಡೆಯಲಿಲ್ಲ. ಬಿಳಿಯ ಶ್ರೀಮಂತನನ್ನು ನಗಿಸಲು ಕುಣಿಯುವ ಕಪ್ಪು ಸೇವಕ, ಇದು ಹಳೇ ಅಚ್ಚಿನ ಪಾತ್ರವೇ ತಾನೆ ಎಂದು ಅಮೆರಿಕದ ಕೆಲವು ವಿಮರ್ಶಕರು ಕಟುವಾಗಿ ಕೇಳಿದರು. ಓದುತ್ತಾ ನನಗೂ ಗೊಂದಲವಾಯಿತು. ಆ ಚಿತ್ರ ನೋಡಿ ಕಣ್ಣೀರು ಹಾಕಿದವಳು ನಾನು. ಆದರೆ ಪ್ರಶ್ನೆ ಪೂರ್ತಿ ಸುಳ್ಳೇನೂ ಅಲ್ಲವಲ್ಲ?

ಅದಕ್ಕೆ ಉತ್ತರ ಅವನ ಮುಂದಿನ ಪಾತ್ರಗಳಲ್ಲಿ ಸಿಕ್ಕಿತು. ಆಮೇಲೆ ಅವನು ಅಮೆರಿಕಕ್ಕೆ ಹೋಗಿ ‘ಎಕ್ಸ್-ಮೆನ್’, ‘ಜುರಾಸಿಕ್ ವರ್ಲ್ಡ್’ ಚಿತ್ರಗಳಲ್ಲಿ ಸಣ್ಣ ಸಣ್ಣ ಪಾತ್ರ ಮಾಡಿದ್ದೂ ಉಂಟು. ಆದರೆ ನನಗೆ ಮುಖ್ಯ ಅನಿಸಿದ್ದು 2016ರ ‘ಶೊಕೊಲಾ’. ಗುಲಾಮನಾಗಿ ಕ್ಯೂಬಾದಲ್ಲಿ ಹುಟ್ಟಿ, ಪ್ಯಾರಿಸ್ ಸರ್ಕಸ್ಸಿನಲ್ಲಿ ವಿದೂಷಕನಾಗಿ ಮೆರೆದ ರಫಾಯೆಲ್ ಪದಿಯಾನ ಕಥೆಯದು. ಬಿಳಿಯ ಜೊತೆಗಾರನ ಕೈಲಿ ಒದೆ ತಿಂದು ಜನರನ್ನು ನಗಿಸುವುದೇ ಪದಿಯಾನ ಕೆಲಸ. 1917ರಲ್ಲಿ ಬಡತನದಲ್ಲೇ ತೀರಿಕೊಂಡ, ಜನ ಮರೆತೂಬಿಟ್ಟರು. ‘ನಗಿಸಲಷ್ಟೇ ಲಾಯಕ್ಕಾ?’ ಎಂಬ ಪ್ರಶ್ನೆಯನ್ನೇ ಒಮರ್ ತನ್ನ ಪಾತ್ರ ಮಾಡಿಕೊಂಡಂತಿದೆ.

ಇನ್ನು ‘ಲುಪಿನ್’. ಯಾವ ಪಾತ್ರ ಮಾಡಲು ಆಸೆ ಎಂದು ಕೇಳಿದಾಗ ಒಮರ್ ತಾನಾಗಿಯೇ ಹೇಳಿದ ಹೆಸರದು. ಮೊರಿಸ್ ಲೆಬ್ಲಾನ್ ಎಂಬ ಲೇಖಕ 1905ರಲ್ಲಿ ಸೃಷ್ಟಿಸಿದ ಆರ್ಸೆನ್ ಲುಪಿನ್ ಎಂದರೆ ಟೋಪಿ, ಒಂಟಿಗಣ್ಣಿನ ಕನ್ನಡಕದ ಬಿಳಿಯ ಕಳ್ಳ. ಫ್ರೆಂಚರಿಗೆ ಮನೆಮಾತು. ಆ ಕಳ್ಳನ ಪುಸ್ತಕ ಓದಿ ಬೆಳೆದ, ಸೆನೆಗಲ್‌ನಿಂದ ಬಂದ ಕಾರ್ ಡ್ರೈವರ್ ಒಬ್ಬನ ಮಗನನ್ನು ಕಥೆಯ ನಡುಮಧ್ಯೆ ನಿಲ್ಲಿಸಿದರು. 2021ರ ಜನವರಿಯಲ್ಲಿ ಅದು ಬಿಡುಗಡೆಯಾದಾಗ ಮೊದಲ ನಾಲ್ಕು ವಾರಗಳಲ್ಲಿ 7 ಕೋಟಿ ಮನೆಗಳು ನೋಡುತ್ತವೆ ಎಂದು ನೆಟ್‌ಫ್ಲಿಕ್ಸ್ ಅಂದಾಜಿಸಿತ್ತು.

ಪ್ರಚಾರಕ್ಕೆ ಅವನು ಮಾಡಿದ್ದೇನು ಗೊತ್ತಾ? ಕಾರ್ಮಿಕರ ಉಡುಪು ತೊಟ್ಟು ಪ್ಯಾರಿಸ್ ಮೆಟ್ರೊ ನಿಲ್ದಾಣಕ್ಕೆ ಹೋಗಿ, ತನ್ನದೇ ಮುಖವಿದ್ದ ದೈತ್ಯ ಪೋಸ್ಟರನ್ನು ತಾನೇ ಅಂಟಿಸಿದ. 2012ರಲ್ಲೇ ಫ್ರೆಂಚರ ನೆಚ್ಚಿನ ವ್ಯಕ್ತಿ ಎಂದು ಸಮೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದವನು! ಜನ ಪಕ್ಕದಲ್ಲೇ ಹಾದುಹೋದರು. ಯಾರೂ ಗುರುತಿಸಲಿಲ್ಲ. ಆ ವಿಡಿಯೊವನ್ನು ನಾನು ಮೂರು ಸಲ ನೋಡಿದೆ.

ಮರುವರ್ಷ ಅವನೇ ಸಹ ನಿರ್ಮಾಪಕನಾಗಿ ನಟಿಸಿದ ‘ತಿರೈಯರ್’ ಕಾನ್ ಚಿತ್ರೋತ್ಸವದ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗದ ಉದ್ಘಾಟನಾ ಚಿತ್ರವಾಯಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗಾಗಿ ಹೋರಾಡಿದ ಆಫ್ರಿಕಾದ ಸೈನಿಕರ ಕಥೆ. ಬಲವಂತವಾಗಿ ಎಳೆದೊಯ್ದ ಮಗನನ್ನು ಕಾಯಲು ತಾನೂ ಸೈನ್ಯ ಸೇರುವ ತಂದೆಯ ಪಾತ್ರ. ಅದರಲ್ಲಿ ಅವನು ಮಾತನಾಡುವುದು ಫ್ರೆಂಚ್ ಅಲ್ಲ, ಮನೆಮಾತು ಫುಲಾ. ಅಷ್ಟು ದೊಡ್ಡ ವೇದಿಕೆಯಲ್ಲಿ ಅಪ್ಪ ಅಮ್ಮನ ಭಾಷೆ!

ನಾನೋ, ಒಂದು ಫಾರ್ಮಿನಲ್ಲಿ ಅಮ್ಮನ ಕೆಲಸ ಬರೆಯಲು ನಾಚಿಕೊಂಡವಳು.

ರಜೆಗೆ ಮನೆಗೆ ಹೋದಾಗ ಅಮ್ಮನಿಗೆ ‘ಲುಪಿನ್’ ಮೊದಲ ಕಂತು ತೋರಿಸಿದೆ. ಮೊಬೈಲಿನ ಪುಟ್ಟ ಪರದೆ, ಕಥೆಯೆಲ್ಲ ನಾನೇ ಬಿಡಿಸಿ ಹೇಳಬೇಕು. ಲೂವ್ರ್ ದೃಶ್ಯ ಬಂದಾಗ ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ‘ಇವ್ನು ಈ ಕೆಲಸಕ್ಕೆ ಹೊಸಬ ಕಣೇ, ಕೈ ನೋಡಿದ್ರೇ ಗೊತ್ತಾಗುತ್ತೆ’ ಎಂದಳು! ನಗು ತಡೆಯಲಾಗಲಿಲ್ಲ. ಆಮೇಲೆ ಅವಳೇ ಅಂದಳು: ‘ಆದ್ರೆ ಅವ್ನು ಹೇಳೋದು ನಿಜ. ಆ ಬಟ್ಟೆ ಹಾಕ್ಕೊಂಡ್ರೆ ನಾನೂ ಗೋಡೆ ಇದ್ದಂಗೆ. ನನ್ನ ಮುಂದೆನೇ ಜಗಳ ಆಡ್ತಾರೆ, ಅಳ್ತಾರೆ, ಒರೆಸಿದ ನೆಲ ತುಳ್ಕೊಂಡು ಹೋಗ್ತಾರೆ. ಯಾರೂ ನೋಡಲ್ಲ ಮಗಾ.’

ಅಮ್ಮನ ದನಿಯಲ್ಲಿ ದೂರೇನೂ ಇರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಯಾಕೆಂದರೆ ಹಾಗೆ ನೋಡದೆ ಹೋದವರ ಸಾಲಿನಲ್ಲಿ ನಾನೂ ಇದ್ದೆ.

ಕಾಲೇಜು ಮತ್ತೆ ಶುರುವಾದ ಮೇಲೆ ಸ್ಕಾಲರ್‌ಶಿಪ್ ಫಾರ್ಮ್ ಬಂತು. ‘ತಾಯಿಯ ಉದ್ಯೋಗ’ದ ಮುಂದೆ ‘ಹೌಸ್‌ಕೀಪಿಂಗ್ ಸಿಬ್ಬಂದಿ’ ಎಂದು ಸ್ಪಷ್ಟವಾಗಿ ಬರೆದೆ. ಪಕ್ಕದಲ್ಲಿ ಕೂತಿದ್ದ, ಅವತ್ತು ಮೊದಲು ನಕ್ಕಿದ್ದ ಗೆಳತಿ ಬಗ್ಗಿ ನೋಡಿದಳು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಯಾವ ಮಾಲ್ ಕಣೇ? ಬೆಂಗಳೂರಿಗೆ ಹೋದಾಗ ಅಮ್ಮನ್ನ ಮಾತಾಡಿಸ್ಕೊಂಡು ಬರೋಣ’ ಎಂದಳು.

ಮುಂದಿನ ತಿಂಗಳು ಹೋಗುತ್ತಿದ್ದೇವೆ. ಏಳರ ಪಾಳಿ ಮುಗಿಯುವ ಹೊತ್ತಿಗೆ.