ಪಣಜಿಯ ಕೋಣೆಯಲ್ಲಿ ಕಂಡ ದೂಳು

ಪಣಜಿಯಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದೆ. ಬಾಡಿಗೆ ಕೋಣೆಯಲ್ಲೇ ಸಣ್ಣ ಯಂತ್ರ ಇಟ್ಟುಕೊಂಡು ಪಂಪ್‌ಸೆಟ್ ಸ್ಟಾರ್ಟರಿನ ಸರ್ಕ್ಯೂಟ್ ಬೋರ್ಡ್ ಕೊರೆಯುತ್ತಾನೆ. ಬೋರ್ಡಿನ ಮೇಲಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ಅಷ್ಟೆ. ಅದನ್ನು ಕೆತ್ತುವಾಗ ಕೆಳಗಿನ ಗಾಜಿನ ನಾರು, ಎಪಾಕ್ಸಿ ಅಂಟು ಕೂಡ ಪುಡಿಯಾಗಿ ಏಳುತ್ತವೆ.

ನಾನು ತಿಳಿಯದೆ ಪೊರಕೆ ಹಿಡಿದು ಗುಡಿಸಿದೆ. ಸಂಜೆತನಕ ಮೈ ತುರಿಕೆ, ಗಂಟಲು ಕೆರೆತ, ಥೇಟ್ ಕಡಲೆಕಾಯಿ ಬಡಿದ ದಿನದ ಹಾಗೆ!

"ಮಾಮಾ, ಪೊರಕೆ ಬ್ಯಾಡ, ದೂಳು ಮೇಲೇಳ್ತದೆ" ಅಂದ.

"ಅದೇ ಕೋಣೇಲಿ ಮೂರು ವರ್ಷದ ಕೂಸು ಮಲಗ್ತದಲ್ಲಪ್ಪಾ?" ಅಂದೆ. ಸುಮ್ಮನಾದ.

ಮರುದಿನವೇ ಇಬ್ಬರೂ ಕೂಡಿ ಯಂತ್ರವನ್ನು ಹಿಂದಿನ ಸಾಮಾನು ಕೋಣೆಗೆ ಸಾಗಿಸಿ, ಸುತ್ತ ಅಕ್ರಿಲಿಕ್ ಪೆಟ್ಟಿಗೆ ಕಟ್ಟಿದೆವು. ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಕೊಳವೆಯನ್ನು ಕೊರೆಯುವ ಮೊನೆಯ ಪಕ್ಕಕ್ಕೇ ತಂದೆವು. ಈಗ ಕೆಲಸದ ಹೊತ್ತು ಮೂಗಿಗೆ ಎನ್-95 ಮಾಸ್ಕು. ಮುಗಿದ ಮೇಲೆ ಊದುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ತೊಟ್ಟ ಅಂಗಿಯನ್ನು ಬೇರೆಯಾಗಿ ಒಗೆಯುತ್ತಾನೆ. ಗಾಜಿನ ನಾರಿಲ್ಲದ, ಕಾಗದದಿಂದ ಮಾಡಿದ ಎಫ್‌ಆರ್-1 ಹಲಗೆಯನ್ನೂ ತರಿಸಿದ್ದಾನೆ. ಆದರೆ ಅದರ ದೂಳೂ ಉಸಿರಿಗೆ ಬೇಡವೇ.

ತೆಲುಗಿನಲ್ಲಿ ದೂಳಿಗೆ 'ದುಮ್ಮು', ಕನ್ನಡದಲ್ಲಿ ದುಃಖಕ್ಕೆ 'ದುಮ್ಮಾನ'. ದುಮ್ಮು ದುಮ್ಮಾನವಾಗುವ ಮುಂಚೆ ಒದ್ದೆ ಬಟ್ಟೆ ಹಿಡಿಯಿರಿ.